ಬೆಟ್ಟದೂರಿನ ಚಿತ್ರೋತ್ಸವ: ಆ ಅರ್ಧ ಗಂಟೆಯ ಕೂಲಿ ಯಾರು ಕೊಡೋದು?

ಮಳೆಗಾಲ ಮುಗಿದು ಚಳಿ ಇನ್ನೂ ಬಿಗಿಯಾಗುವ ಮುಂಚೆ, ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ, ಹಿಮಾಚಲ ಪ್ರದೇಶದ ಧರ್ಮಶಾಲಾದಲ್ಲಿ ಒಂದು ಚಿತ್ರೋತ್ಸವ ನಡೆಯುತ್ತದೆ. ದೆಹಲಿ, ಮುಂಬೈ, ಬೆಂಗಳೂರಿನಿಂದೆಲ್ಲ ಜನ ಹೋಗುತ್ತಾರೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಸಿನಿಮಾ ನೋಡುತ್ತಾರೆ. ಬಿಡುವು ಸಿಕ್ಕರೆ ತ್ರಿಯುಂಡ್ ಬೆಟ್ಟ ಹತ್ತುತ್ತಾರೆ, ಮೊಮೊ ತಿನ್ನುತ್ತಾರೆ, ಪೇಟೆ ಸುತ್ತುತ್ತಾರೆ, ಊರಿಗೆ ವಾಪಸ್ಸಾಗುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ನಮಗೂ ಅವಕಾಶ ಸಿಕ್ಕರೆ ಹಾಗೇ ಮಾಡುತ್ತೇವೆ. ಆದರೆ ಬೆಟ್ಟದೂರಿನಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಬಂದವರು ಸಿನಿಮಾ ನೋಡಿದರು, ಬೆಟ್ಟ ನೋಡಿದರು. ಊರನ್ನು ನೋಡಿದರಾ? ಊರಿನವರು ಸಿನಿಮಾ ನೋಡಿದರಾ?

ಈ ಪ್ರಶ್ನೆ ಈಗ ಯಾಕೆ ಅಂದರೆ, ನಮ್ಮ ಕಡೆಯೂ ಇಂಥ ಮಾತು ಶುರುವಾಗಿದೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಹೋಮ್‌ಸ್ಟೇ ಇಲ್ಲದ ಊರು ಹುಡುಕಬೇಕು. ಅದರ ಮುಂದಿನ ಹೆಜ್ಜೆಯಾಗಿ ‘ಸಿನಿಮಾ ಪ್ಲಸ್ ಊರಿನ ಅನುಭವ’ ಅನ್ನುವ ಯೋಚನೆ ಹಲವರ ತಲೆಯಲ್ಲಿದೆ. ಹಗಲು ತೋಟ ಸುತ್ತಿಸುವುದು, ರಾತ್ರಿ ಪರದೆ ಕಟ್ಟಿ ಸಿನಿಮಾ ತೋರಿಸುವುದು. ನಮ್ಮ ಬಳಗದಲ್ಲೂ ಈ ಬಗ್ಗೆ ಜಗಳವೇ ಆಯಿತು. ಒಬ್ಬರು ಬೇಕು ಅಂದರು, ಇನ್ನೊಬ್ಬರು ಇದೆಲ್ಲ ರೆಸಾರ್ಟಿನವರ ಆಟ ಅಂದರು.

ಮಾತಾಡಿ ಮಾತಾಡಿ ನಾವು ಒಂದು ಕಡೆ ನಿಂತಿದ್ದೇವೆ. ಸಿನಿಮಾದ ಜೊತೆ ಊರಿನ ಕೆಲಸ ಜೋಡಿಸುವುದು ಒಳ್ಳೆಯ ಯೋಚನೆಯೇ. ಆದರೆ ಯಾವ ಕೆಲಸ, ಯಾವ ಕಾಲದಲ್ಲಿ, ಎಷ್ಟು ಕೂಲಿಗೆ ಅನ್ನುವುದನ್ನು ಆ ಕೆಲಸ ಮಾಡುವವರೇ ಹೇಳಬೇಕು. ಯಾಕೆ ಅಂತ ಬಿಡಿಸಿ ಹೇಳುತ್ತೇವೆ.

ಧರ್ಮಶಾಲಾದ ಕಥೆ

ಧರ್ಮಶಾಲಾ ಅಂತರರಾಷ್ಟ್ರೀಯ ಚಿತ್ರೋತ್ಸವ ಶುರುವಾದದ್ದು 2012ರಲ್ಲಿ. ಶುರು ಮಾಡಿದವರು ರಿತು ಸರಿನ್ ಮತ್ತು ತೆಂಜಿಂಗ್ ಸೋನಂ. ಗಂಡ ಹೆಂಡತಿ ಇಬ್ಬರೂ ಸಿನಿಮಾ ಮಾಡುವವರು, ಅಲ್ಲಿಯೇ ನೆಲೆಸಿದವರು. ಈ ಉತ್ಸವದಲ್ಲಿ ಸ್ಪರ್ಧೆ ಇಲ್ಲ, ಮೊದಲ ಬಹುಮಾನ ಎರಡನೇ ಬಹುಮಾನ ಇಲ್ಲ. ದೊಡ್ಡ ಕಂಪನಿಗಳ ಹಂಗಿಲ್ಲದೆ ಮಾಡಿದ ಚಿತ್ರಗಳನ್ನು ತಂದು ತೋರಿಸುತ್ತಾರೆ.

ನಮಗೆ ಹಿಡಿಸಿದ್ದು ಜಾಗದ ಆಯ್ಕೆ. ಮೊದಲ ವರ್ಷಗಳಲ್ಲಿ ಟಿಬೆಟನ್ನರ ರಂಗಕಲಾ ಸಂಸ್ಥೆ ‘ಟಿಪಾ’ದ ಆವರಣದಲ್ಲಿ ಉತ್ಸವ ನಡೆಯುತ್ತಿತ್ತು. ಈಚಿನ ವರ್ಷಗಳಲ್ಲಿ ಟಿಬೆಟನ್ ಮಕ್ಕಳ ಶಾಲೆ ‘ಟಿಸಿವಿ’ಯ ಆವರಣದಲ್ಲಿ ನಡೆದಿದೆ. ದೇಶ ಬಿಟ್ಟು ಬಂದ ಟಿಬೆಟನ್ನರು ತಮ್ಮ ಹಾಡು ಕುಣಿತ ಮರೆಯಬಾರದು ಅಂತ 1959ರಲ್ಲಿ ಟಿಪಾ ಕಟ್ಟಿದರು. ಅನಾಥ ಮಕ್ಕಳಿಗಾಗಿ 1960ರಲ್ಲಿ ಟಿಸಿವಿ ಶುರುವಾಯಿತು. ಅಂದರೆ ಸಿನಿಮಾ ನೋಡಲು ಬಂದವರು ಯಾವುದೋ ಮಾಲ್‌ನ ಒಳಗೆ ಹೋಗಿ ಕೂರುವುದಿಲ್ಲ. ಊರು ತನಗಾಗಿ ಕಟ್ಟಿಕೊಂಡ ಜಾಗಕ್ಕೇ ಹೋಗುತ್ತಾರೆ. ಮಕ್ಕಳಿಗೆ ಬೇರೆ ಚಿತ್ರಗಳ ವಿಭಾಗವೇ ಇದೆ. ಹಿಮಾಲಯದ ಊರುಗಳ ಹೊಸ ಹುಡುಗ ಹುಡುಗಿಯರಿಗೆ ಸಿನಿಮಾ ಮಾಡುವುದರಲ್ಲಿ ದಾರಿ ತೋರಿಸುವ ಯೋಜನೆಯನ್ನೂ ನಡೆಸಿದ್ದಾರೆ.

ಇದು ಅರ್ಧ ದಾರಿ. ಇನ್ನು ಅರ್ಧ ದಾರಿ ಸಿನಿಮಾ ಮುಗಿದು ಜನ ಹೊರಗೆ ಬಂದಮೇಲಿನದು. ಅದನ್ನು ಉತ್ಸವ ನಡೆಸುವವರ ಮೇಲೆ ಮಾತ್ರ ಹೊರಿಸಿದರೆ ಆಗುವುದಿಲ್ಲ, ಊರೂ ಹೊರಬೇಕು. ಧರ್ಮಶಾಲಾ ಇರುವ ಕಾಂಗ್ರಾ ಜಿಲ್ಲೆಯಲ್ಲಿ ಸಿನಿಮಾದ ಜೊತೆ ಜೋಡಿಸಬಹುದಾದ್ದು ಎಷ್ಟಿದೆ ಅಂತ ನೋಡಿದರೆ ನಮಗೆ ಹೊಟ್ಟೆಕಿಚ್ಚಾಗುತ್ತದೆ.

ಯಾವ ಸಿನಿಮಾಕ್ಕೆ ಯಾವ ಕೆಲಸ?

ಒಂದು ಉದಾಹರಣೆ ಹೇಳುತ್ತೇವೆ. ಅಮಿತ್ ದತ್ತಾ ಅವರ ‘ನೈನ್‌ಸುಖ್’ ಅನ್ನುವ ಚಿತ್ರ 2010ರಲ್ಲಿ ಬಂತು. ನೈನ್‌ಸುಖ್ 18ನೇ ಶತಮಾನದ ಚಿತ್ರಕಾರ. ಊರು ಗುಲೇರ್, ಇದೇ ಕಾಂಗ್ರಾ ಜಿಲ್ಲೆಯದು. ಅಂಗೈ ಅಗಲದ ಕಾಗದದಲ್ಲಿ ರಾಜನನ್ನೂ ಅವನ ದಿನಚರಿಯನ್ನೂ ಬಿಡಿಸಿದವನು. ಈ ಚಿತ್ರವನ್ನು ಬೆಂಗಳೂರಿನಲ್ಲಿ ನೋಡಿದರೆ ಒಂದು ಒಳ್ಳೆಯ ಸಿನಿಮಾ ನೋಡಿದಂತಾಗುತ್ತದೆ. ಧರ್ಮಶಾಲಾದಲ್ಲಿ ನೋಡಿ, ಮಾರನೇ ಬೆಳಿಗ್ಗೆ ಪೇಟೆಯಲ್ಲೇ ಇರುವ ಕಾಂಗ್ರಾ ಕಲಾ ಮ್ಯೂಸಿಯಂಗೆ ಹೋಗಿ, ಆಮೇಲೆ ಆ ಕಲೆಯನ್ನು ಇವತ್ತಿಗೂ ಮಾಡುತ್ತಿರುವವರ ಎದುರು ಕೂತು, ಕಲ್ಲಿನಿಂದ ಬಣ್ಣ ಅರೆಯುವುದನ್ನು ನೋಡಿದರೆ? ಪರದೆಯ ಮೇಲೆ ಕಂಡ ಹಸಿರು ಎಲ್ಲಿಂದ ಬಂತು ಅಂತ ಕೈಗೇ ತಿಳಿಯುತ್ತದೆ. ಆ ಕಲಾವಿದರಿಗೂ ಒಂದು ದಿನದ ಸಂಪಾದನೆ.

ಇನ್ನೊಂದು, ಕುರಿಗಾಹಿಗಳದು. ಧೌಲಾಧಾರ್ ಬೆಟ್ಟಗಳಲ್ಲಿ ಗದ್ದಿ ಅನ್ನುವ ಕುರಿಗಾಹಿ ಸಮುದಾಯ ಇದೆ. ಬೇಸಿಗೆಯಲ್ಲಿ ಕುರಿ ಮೇಕೆ ಹೊಡೆದುಕೊಂಡು ಕಣಿವೆ ದಾಟಿ ಎತ್ತರದ ಹುಲ್ಲುಗಾವಲಿಗೆ ಹೋಗುತ್ತಾರೆ. ಚಳಿ ಶುರುವಾಗುವಾಗ ಕೆಳಗಿನ ಗುಡ್ಡಗಳಿಗೆ ಇಳಿಯುತ್ತಾರೆ. ಉತ್ಸವ ನಡೆಯುವ ಹೊತ್ತಿಗೂ ಅವರು ಕೆಳಗೆ ಇಳಿಯುವ ಹೊತ್ತಿಗೂ ಹೊಂದಿಕೆ ಇದೆ. ಜಗತ್ತಿನ ಎಲ್ಲೆಲ್ಲಿಯ ಕುರಿಗಾಹಿಗಳ ಬಗ್ಗೆಯೂ ಒಳ್ಳೊಳ್ಳೆಯ ಸಾಕ್ಷ್ಯಚಿತ್ರಗಳಿವೆ. ಅಂಥದೊಂದನ್ನು ತೋರಿಸಿ, ಗದ್ದಿ ಹಿರಿಯರೊಬ್ಬರನ್ನು ವೇದಿಕೆಗೆ ಕರೆದು, ‘ಇದರಲ್ಲಿ ಸರಿ ಯಾವುದು, ಸುಳ್ಳು ಯಾವುದು ಹೇಳಿ’ ಅಂತ ಕೇಳಿದರೆ ಅದಕ್ಕಿಂತ ದೊಡ್ಡ ವಿಮರ್ಶೆ ಯಾವುದು? ನಮ್ಮ ಕಡೆಯ ಕುರುಬರ ಹಿರಿಯರಿಗೆ ಆ ಸಿನಿಮಾ ತೋರಿಸಿದರೂ ಅವರು ಹತ್ತು ತಪ್ಪು ಹುಡುಕುತ್ತಾರೆ, ಅದು ನಮಗೆ ಗೊತ್ತು.

ಮಣ್ಣಿನ ಮನೆ ಮತ್ತೊಂದು. ಧರ್ಮಶಾಲಾದ ಹತ್ತಿರದ ಸಿದ್ಧಬಾರಿಯಲ್ಲಿ ದೀದಿ ಕಾಂಟ್ರ್ಯಾಕ್ಟರ್ ಅನ್ನುವವರು ಇದ್ದರು. ಕಾಲೇಜಿನಲ್ಲಿ ಕಟ್ಟಡ ವಿದ್ಯೆ ಓದಿದವರಲ್ಲ. ಮಣ್ಣು, ಬಿದಿರು, ಸ್ಲೇಟ್ ಕಲ್ಲು ಬಳಸಿ ಮನೆ ಕಟ್ಟುತ್ತಾ ಹೆಸರಾದರು. 2021ರಲ್ಲಿ ತೀರಿಕೊಂಡರು. ಅವರ ಜೊತೆ ಕೆಲಸ ಮಾಡಿದ್ದು ಆ ಕಣಿವೆಯ ಗಾರೆಯವರು, ಬಡಗಿಗಳು. ಸಿಮೆಂಟ್ ಕಾಡಿನ ಬಗ್ಗೆ ಒಂದು ಸಿನಿಮಾ ತೋರಿಸಿ, ಮಾರನೇ ದಿನ ಅಂಥ ಗಾರೆಯವರ ಕೈಕೆಳಗೆ ಅರ್ಧ ದಿನ ಮಣ್ಣು ತುಳಿಯಲಿ, ಗೋಡೆ ಮೆತ್ತಲಿ. ಪಟ್ಟಣದಿಂದ ಬಂದವರಿಗೆ ಮೇಸ್ತ್ರಿ ಅಂದರೆ ಯಾರು ಅಂತ ಗೊತ್ತಾಗಲಿ.

ಈಗ ತಪ್ಪಾದ ಜೋಡಿಗೂ ಒಂದು ಉದಾಹರಣೆ. ಕಾಂಗ್ರಾದಲ್ಲಿ ಚಹಾ ತೋಟಗಳಿವೆ. ಕಾಂಗ್ರಾ ಚಹಾಕ್ಕೆ ಜಿಐ ಗುರುತು ಕೂಡ ಇದೆ. ‘ಸಿನಿಮಾ ನೋಡಿ, ಬುಟ್ಟಿ ಹೊತ್ತು ಚಹಾ ಎಲೆ ಕೀಳಿ’ ಅಂತ ಜಾಹೀರಾತು ಹಾಕುವುದು ಸುಲಭ. ಆದರೆ ಅಲ್ಲಿ ಎಲೆ ಕೊಯ್ಲು ವಸಂತದಲ್ಲಿ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ನವೆಂಬರಿನಲ್ಲಿ ಬುಟ್ಟಿ ಕೊಟ್ಟು ನಿಲ್ಲಿಸಿದರೆ ಅದು ಫೋಟೋಕ್ಕೆ ಮಾಡಿದ ನಾಟಕ. ಭತ್ತದ ಗದ್ದೆ ಕೊಯ್ದ ಮೇಲೆ ‘ಬನ್ನಿ, ನಾಟಿ ಮಾಡಿ’ ಅಂತ ಕರೆದ ಹಾಗೆ. ಊರಿನ ಕ್ಯಾಲೆಂಡರ್ ಗೊತ್ತಿಲ್ಲದವರು ಕಾರ್ಯಕ್ರಮ ಹಾಕಿದರೆ ಹೀಗೇ ಆಗುವುದು.

ಕಷ್ಟದ ವಿಷಯವೂ ಬೇಕು

ಊರಿನ ಅನುಭವ ಅಂದರೆ ಊಟ, ಕುಣಿತ, ಕರಕುಶಲ ಇಷ್ಟೇ ಅಂತ ತಿಳಿಯುವುದು ಬೇಡ. 1905ರ ಏಪ್ರಿಲ್ 4ರಂದು ಕಾಂಗ್ರಾದಲ್ಲಿ ಭೂಕಂಪ ಆಯಿತು. ಸುಮಾರು 20,000 ಜನ ಸತ್ತರು. ಧರ್ಮಶಾಲಾ ಪೇಟೆ ನೆಲಸಮ ಆಯಿತು. ಕಾಡಿನ ನಡುವಿನ ಸೇಂಟ್ ಜಾನ್ ಚರ್ಚಿನ ಗಂಟೆ ಗೋಪುರ ಬಿತ್ತು, ಚರ್ಚು ಉಳಿಯಿತು. ಇವತ್ತಿಗೂ ಹೋಗಿ ನೋಡಬಹುದು. 2021ರ ಜುಲೈ 12ರಂದು ಮೇಲಿನ ಭಾಗ್ಸು ಭಾಗದಲ್ಲಿ ಹಳ್ಳ ಉಕ್ಕಿ ನಿಲ್ಲಿಸಿದ್ದ ಕಾರುಗಳನ್ನು ಎಳೆದುಕೊಂಡು ಹೋಯಿತು. ಆ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬೇಕು.

ಬೆಟ್ಟದೂರಿನ ಚಿತ್ರೋತ್ಸವದಲ್ಲಿ ನೆರೆ, ಭೂಕುಸಿತದ ಬಗ್ಗೆ ಒಂದು ಸಿನಿಮಾ ಇದ್ದರೆ, ಅದರ ಜೊತೆಗೆ ಹಳ್ಳದ ದಂಡೆಯಲ್ಲಿ ಒಂದು ನಡಿಗೆ ಇರಬೇಕು. ಹಳ್ಳದ ದಾರಿ ಮುಂಚೆ ಎಲ್ಲಿತ್ತು, ಈಗ ಎಲ್ಲಿ ಕಟ್ಟಡ ಎದ್ದಿದೆ ಅಂತ ತೋರಿಸಲು ಊರಿನ ಹಿರಿಯರು ಬೇಕು. ಪ್ರವಾಸಿಗರಿಗೂ ಅದು ಗೊತ್ತಾಗಲಿ. ಅವರು ಉಳಿದುಕೊಂಡ ಹೋಟೆಲೇ ಹಳ್ಳದ ಮೇಲೆ ಇರಬಹುದು.

ನಮಗೆ ಇದು ದೂರದ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಜಾರಿದ್ದು, 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ಮರೆತಿಲ್ಲ. ಮಡಿಕೇರಿಯಲ್ಲಿ ಯಾರಾದರೂ ನಾಳೆ ಚಿತ್ರೋತ್ಸವ ಮಾಡಿದರೆ, ಕಾಫಿ ರುಚಿ ನೋಡುವ ಕಾರ್ಯಕ್ರಮಕ್ಕೆ ಮೊದಲು ಈ ನಡಿಗೆ ಇರಲಿ ಅಂತ ನಾವು ಕೇಳುತ್ತೇವೆ.

ಅರ್ಧ ಗಂಟೆಯ ಲೆಕ್ಕ

ಈಗ ನಮ್ಮ ಮನೆಯ ಮಾತು. ನಮ್ಮ ಬಳಗದ ಒಬ್ಬಳ ಅಮ್ಮ ಅಡಿಕೆ ಸುಲಿಯಲು ಹೋಗುತ್ತಾರೆ. ಸುಲಿದಷ್ಟಕ್ಕೆ ಕೂಲಿ. ಮೆಟ್ಟುಗತ್ತಿ ಹಿಡಿದು ಕೂತರೆ ಕೈ ನಿಲ್ಲಿಸುವ ಹಾಗಿಲ್ಲ, ನಿಂತರೆ ಲೆಕ್ಕ ಕಡಿಮೆ.

ಒಂದು ದಿನ ಅವರು ಕೆಲಸ ಮಾಡುವ ಮನೆಯಂಗಳಕ್ಕೆ ಹತ್ತಿರದ ತಂಗುದಾಣದಿಂದ ಹತ್ತು ಹನ್ನೆರಡು ಜನ ಬಂದರು. ‘ಅಡಿಕೆ ಅನುಭವ’ ಅಂತ ಅವರ ಪ್ಯಾಕೇಜಿನಲ್ಲಿ ಇತ್ತಂತೆ. ಒಳ್ಳೆಯ ಜನವೇ. ನಗುನಗುತ್ತಾ ಮಾತಾಡಿಸಿದರು. ಒಬ್ಬೊಬ್ಬರಾಗಿ ಮೆಟ್ಟುಗತ್ತಿಯ ಮುಂದೆ ಕೂತು ಒಂದೊಂದು ಕಾಯಿ ಸುಲಿಯಲು ನೋಡಿದರು. ವಿಡಿಯೋ ಮಾಡಿಕೊಂಡರು. ಕೈಯಿಗೆ ತಾಗದ ಹಾಗೆ ಅಮ್ಮನೇ ನೋಡಿಕೊಳ್ಳಬೇಕಾಯಿತು. ಅರ್ಧ ಗಂಟೆ ಹೋಯಿತು. ‘ಥ್ಯಾಂಕ್ಸ್ ಆಂಟಿ’ ಅಂದು ಹೊರಟರು.

ಸಂಜೆ ಮನೆಗೆ ಬಂದ ಅಮ್ಮ ಮಗಳನ್ನು ಕೇಳಿದ್ದು ಇಷ್ಟೇ: ‘ಆ ಅರ್ಧ ಗಂಟೆ ಕೂಲಿ ಯಾರು ಕೊಡೋದು?’

ಪ್ಯಾಕೇಜಿಗೆ ಬಂದವರು ದುಡ್ಡು ಕೊಟ್ಟಿದ್ದರು. ತಂಗುದಾಣಕ್ಕೆ ಕೊಟ್ಟಿದ್ದರು. ಅಂಗಳದಲ್ಲಿ ಕೂತು ಕಲಿಸಿದವರಿಗೆ ಬಂದದ್ದು ಕಡಿಮೆ ಕೂಲಿ. ಯಾರೂ ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ಯಾರೂ ಯೋಚನೆ ಮಾಡಿರಲಿಲ್ಲ, ಅಷ್ಟೇ. ನಮ್ಮ ಜಗಳವೆಲ್ಲ ಈ ಪ್ರಶ್ನೆಯ ಮುಂದೆ ನಿಂತಿತು. ಕಾಂಗ್ರಾದ ಚಿತ್ರಕಾರ ಇರಲಿ, ಗದ್ದಿ ಕುರಿಗಾಹಿ ಇರಲಿ, ನಮ್ಮ ಅಡಿಕೆ ಸುಲಿಯುವವರು ಇರಲಿ, ಸಿನಿಮಾ ಜೊತೆ ಅವರ ಕೆಲಸ ಜೋಡಿಸುವ ಮುಂಚೆ ಈ ಲೆಕ್ಕ ಮುಗಿಸಬೇಕು. ಸಿನಿಮಾ ಬಗ್ಗೆ ಭಾಷಣ ಮಾಡಲು ಬಂದವರಿಗೆ ಸಂಭಾವನೆ ಕೊಡುತ್ತೀರಿ. ಮಣ್ಣು ಮೆತ್ತುವುದು ಕಲಿಸಿದವರಿಗೂ ಅದೇ ಲಕೋಟೆಯಲ್ಲಿ ಕೊಡಿ.

ಇದು ಹೊಸದೇನಲ್ಲ

ಕಲೆಯನ್ನೂ ಊರಿನ ಬದುಕನ್ನೂ ಜೋಡಿಸುವುದು ಕಾಂಗ್ರಾ ಕಣಿವೆಗೆ ಹೊಸತಲ್ಲ. ಪಾಲಂಪುರದ ಹತ್ತಿರ ಅಂದ್ರೆಟ್ಟಾ ಅನ್ನುವ ಹಳ್ಳಿ ಇದೆ. ಐರ್ಲೆಂಡಿನಲ್ಲಿ ಹುಟ್ಟಿದ ನೋರಾ ರಿಚರ್ಡ್ಸ್ ಅಲ್ಲಿಗೆ ಬಂದು ಮಣ್ಣಿನ ಮನೆಯಲ್ಲಿ ನೆಲೆಸಿದರು. ಅದಕ್ಕೆ ಮುಂಚೆ ಲಾಹೋರಿನಲ್ಲಿ ಪಂಜಾಬಿ ಹುಡುಗರಿಂದ ಪಂಜಾಬಿಯಲ್ಲೇ ನಾಟಕ ಬರೆಸಿದವರು, ಆಡಿಸಿದವರು. ಅಂದ್ರೆಟ್ಟಾದಲ್ಲೂ ಬಯಲಲ್ಲೇ ನಾಟಕ ಆಡಿಸಿದರು. ಹಳ್ಳಿಯವರು ಬಂದು ನೋಡುತ್ತಿದ್ದರು. 1971ರಲ್ಲಿ ತೀರಿಕೊಂಡರು. ಆ ಊರು ಇವತ್ತು ಮಣ್ಣಿನ ಪಾತ್ರೆಗಳಿಗೂ ಹೆಸರು.

ನಮ್ಮಲ್ಲಿ ಹೆಗ್ಗೋಡಿದೆ. ಸಾಗರ ತಾಲೂಕಿನ ಈ ಹಳ್ಳಿಯಲ್ಲಿ ನೀನಾಸಂ ಶುರುವಾದದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣ ಅವರ ಮುಂದಾಳತ್ವದಲ್ಲಿ 1973ರಲ್ಲಿ ಅಲ್ಲಿ ಚಿತ್ರಸಮಾಜ ಬಂತು. ಸತ್ಯಜಿತ್ ರಾಯ್ ಚಿತ್ರ, ಜಪಾನಿನ ಕುರೊಸಾವಾ ಚಿತ್ರಗಳನ್ನು ಅಡಿಕೆ ತೋಟದವರು, ಕೂಲಿಯವರು, ಮೇಷ್ಟ್ರುಗಳು ಒಟ್ಟಿಗೆ ಕೂತು ನೋಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಮಾಡುತ್ತಿದ್ದ ಸತೀಶ್ ಬಹಾದ್ದೂರ್ ಹೆಗ್ಗೋಡಿಗೆ ಬಂದು ಸಿನಿಮಾ ನೋಡುವುದು ಹೇಗೆ ಅಂತ ತರಗತಿ ನಡೆಸಿದರು. 1983ರಿಂದ 85ರವರೆಗೆ ‘ಜನಸ್ಪಂದನ’ ಅಂತ ನಾಟಕ, ಸಿನಿಮಾ ಎರಡನ್ನೂ ರಾಜ್ಯದ ಬೇರೆ ಬೇರೆ ಹಳ್ಳಿಗಳಿಗೆ ಒಯ್ದರು. 1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇವತ್ತಿಗೂ ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ಹೋದರೆ ನೀವು ಒಂದು ವಿಷಯ ಗಮನಿಸುತ್ತೀರಿ. ರಾತ್ರಿ ನಾಟಕ, ಬೆಳಿಗ್ಗೆ ಅದರ ಬಗ್ಗೆ ಮಾತು. ನೋಡಿದ್ದು ಹೊಟ್ಟೆಯಲ್ಲಿ ಇಳಿಯಲು ಒಂದು ರಾತ್ರಿ ಬಿಡುತ್ತಾರೆ. ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ಇದೇ ನಿಜವಾದ ಜೋಡಣೆ.

ಹೆಗ್ಗೋಡಿನಿಂದ ಕಲಿಯುವ ಇನ್ನೊಂದು ಪಾಠ ಭಾಷೆಯದು. ಚಿತ್ರೋತ್ಸವದ ಸಿನಿಮಾಗಳಿಗೆ ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿರುತ್ತದೆ. ಓದಲು ಬಾರದವರು ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಆಮೇಲೆ ‘ಹಳ್ಳಿಯವರಿಗೆ ಇಂಥ ಸಿನಿಮಾ ಹಿಡಿಸಲ್ಲ’ ಅಂತ ತೀರ್ಪು ಕೊಡುತ್ತಾರೆ. ಸಿನಿಮಾ ಶುರುವಾಗುವ ಮುಂಚೆ ಹತ್ತು ನಿಮಿಷ ಊರ ಭಾಷೆಯಲ್ಲಿ ಕಥೆ ಹೇಳಿ ನೋಡಿ. ಮಹಾಭಾರತದ ಕಥೆ ಗೊತ್ತಿದ್ದೂ ನಾವು ರಾತ್ರಿಯಿಡೀ ಬಯಲಾಟ ನೋಡುವುದಿಲ್ಲವಾ? ಕಥೆ ಗೊತ್ತಾದರೆ ಕುತೂಹಲ ಸಾಯುವುದಿಲ್ಲ. ‘ಇದನ್ನು ಇವರು ಹೇಗೆ ಆಡುತ್ತಾರೆ’ ಅನ್ನುವ ಕುತೂಹಲ ಹುಟ್ಟುತ್ತದೆ.

ಬೇಡ ಅನ್ನುವವರ ಮಾತು

ನಮ್ಮಲ್ಲೇ ಬೇಡ ಅಂದವರು ಹೇಳಿದ ಮಾತುಗಳೂ ಸುಮ್ಮನೆ ತಳ್ಳಿಹಾಕುವಂಥವಲ್ಲ.

ಮೊದಲನೆಯದು, ಕೈಯಲ್ಲಿ ಫೋನ್ ಇದೆ, ಎಲ್ಲ ಸಿನಿಮಾ ಅದರಲ್ಲೇ ಬರುತ್ತದೆ, ಚಳಿಯಲ್ಲಿ ಹೋಗಿ ಕೂರುವುದು ಯಾಕೆ? ಹೌದು, ಸಿನಿಮಾ ಬರುತ್ತದೆ. ಪಕ್ಕದಲ್ಲಿ ಕೂತವರು ಬರುವುದಿಲ್ಲ. ಭೂಕುಸಿತದ ಸಿನಿಮಾವನ್ನು ಒಬ್ಬರೇ ನೋಡಿ ಫೋನ್ ಆಫ್ ಮಾಡಿದರೆ ಅಲ್ಲಿಗೆ ಮುಗಿಯಿತು. ಪಂಚಾಯ್ತಿ ಸದಸ್ಯರೂ, ಎಂಜಿನಿಯರ್ರೂ, ಮನೆ ಕಳೆದುಕೊಂಡವರೂ ಒಂದೇ ಕೋಣೆಯಲ್ಲಿ ಕೂತು ನೋಡಿದರೆ ಮಾತು ಬೇರೆಯೇ ಆಗುತ್ತದೆ.

ಎರಡನೆಯದು, ಇದೆಲ್ಲ ಸೇರಿಸಿದರೆ ಚಿತ್ರೋತ್ಸವ ಜಾತ್ರೆ ಆಗುತ್ತದೆ, ಸಿನಿಮಾ ಮೂಲೆಗೆ ಸೇರುತ್ತದೆ. ಆದರೆ ನಮ್ಮ ಜಾತ್ರೆ ನೋಡಿ. ತೇರು ಇದೆ, ಸಂತೆ ಇದೆ, ರಾತ್ರಿ ಆಟ ಇದೆ, ನೆಂಟರ ಮನೆಯ ಊಟ ಇದೆ. ಬೆತ್ತಲೆ ಕತ್ತಿ ಕೊಳ್ಳಲು ಬಂದ ರೈತ ಆಟವನ್ನೂ ನೋಡಿಕೊಂಡು ಹೋಗುತ್ತಾನೆ. ಬಯಲಾಟದ ಮೇಳಗಳು ಮಳೆಗಾಲ ಕಳೆದ ಮೇಲೆ ತಿರುಗಾಟಕ್ಕೆ ಹೊರಡುತ್ತವೆ. ಆಟ ಬೆಳಗಿನವರೆಗೆ ನಡೆಯುತ್ತಿದ್ದುದರಿಂದ ದೂರದಿಂದ ನಡೆದು ಬಂದವರು ಬೆಳಕು ಹರಿದ ಮೇಲೆ ಮನೆ ಸೇರಬಹುದಿತ್ತು. ಜನರ ಬದುಕಿನ ಹೊತ್ತು ನೋಡಿಕೊಂಡೇ ಕಲೆಯ ಹೊತ್ತು ಗೊತ್ತು ಮಾಡುತ್ತಿದ್ದರು. ಆಟ ಅದರಿಂದ ಮೂಲೆಗೆ ಸೇರಲಿಲ್ಲ.

ಮೂರನೆಯ ಮಾತು ಎಲ್ಲಕ್ಕಿಂತ ಗಟ್ಟಿ. ಉತ್ಸವ ಹೆಸರಾದರೆ ಊರೇ ಊರಿನವರ ಕೈತಪ್ಪುತ್ತದೆ. ಇದಕ್ಕೆ ಅಮೆರಿಕದ ಟೆಲ್ಯುರೈಡ್ ಸಾಕ್ಷಿ. ಕೊಲರಾಡೋ ರಾಜ್ಯದ ಬೆಟ್ಟಗಳ ನಡುವೆ, 2,600 ಮೀಟರಿಗೂ ಎತ್ತರದಲ್ಲಿರುವ ಹಳೆಯ ಗಣಿ ಊರು ಅದು. 1974ರಿಂದ ಅಲ್ಲಿ ಚಿತ್ರೋತ್ಸವ ನಡೆಯುತ್ತಿದೆ. ಈಗ ಜಗತ್ತಿನ ದೊಡ್ಡ ಉತ್ಸವಗಳಲ್ಲಿ ಒಂದು. ಪಾಸಿನ ಬೆಲೆ ನೂರಾರು ಡಾಲರ್. ಹಾಗಿದ್ದೂ ಊರ ನಡುವಿನ ಪಾರ್ಕಿನಲ್ಲಿ ರಾತ್ರಿ ಬಯಲಲ್ಲೇ ಸಿನಿಮಾ ತೋರಿಸುತ್ತಾರೆ, ಅದಕ್ಕೆ ಟಿಕೆಟ್ ಇಲ್ಲ. ಯಾರು ಬೇಕಾದರೂ ಕಂಬಳಿ ಹೊದ್ದು ಕೂರಬಹುದು. ಇದು ಕಲಿಯಬೇಕಾದ್ದು. ಆದರೆ ಆ ಊರಿನಲ್ಲಿ ಮನೆಯ ಬೆಲೆ ಎಷ್ಟು ಏರಿದೆ ಅಂದರೆ ಹೋಟೆಲಿನಲ್ಲಿ, ಅಂಗಡಿಯಲ್ಲಿ ಕೆಲಸ ಮಾಡುವ ಎಷ್ಟೋ ಜನ ದೂರದ ಊರುಗಳಲ್ಲಿದ್ದು ದಿನಾ ಬಂದು ಹೋಗುತ್ತಾರೆ. ಬೆಲೆ ಏರಿದ್ದು ಸಿನಿಮಾ ಒಂದರಿಂದಲೇ ಅಲ್ಲ. ಹಿಮದ ಮೇಲೆ ಜಾರುವ ಸ್ಕೀ ಆಟ, ಶ್ರೀಮಂತರ ಎರಡನೇ ಮನೆಗಳು ಎಲ್ಲ ಸೇರಿವೆ. ಆದರೂ ಎಚ್ಚರಿಕೆ ಎಚ್ಚರಿಕೆಯೇ. ಮಲೆನಾಡಿನಲ್ಲಿ ತೋಟ ಮಾರಿ ಹೋಗುತ್ತಿರುವವರನ್ನು ನೋಡುತ್ತಿರುವ ನಮಗೆ ಇದು ಅರ್ಥವಾಗದೆ ಇರುವುದಿಲ್ಲ.

ಈ ಭಯಕ್ಕೆ ಉತ್ಸವವೇ ಬೇಡ ಅನ್ನುವುದು ಉತ್ತರ ಅಂತ ನಮಗೆ ಅನ್ನಿಸುವುದಿಲ್ಲ. ನಾವು ಬೇಡ ಅಂದರೂ ಪ್ರವಾಸಿಗರು ಬರುತ್ತಲೇ ಇದ್ದಾರೆ. ಬಂದವರು ಡಿಜೆ ಹಾಕಿ ಕುಣಿದು ಬಾಟಲಿ ಎಸೆದು ಹೋಗುವುದಕ್ಕಿಂತ, ಒಂದು ಸಿನಿಮಾ ನೋಡಿ, ಒಂದು ಹೊತ್ತು ಯಾರದೋ ಕೈಕೆಳಗೆ ಕೆಲಸ ಕಲಿತು ಹೋಗುವುದು ಮೇಲು. ಉತ್ಸವವನ್ನು ಚಿಕ್ಕದಾಗಿ ಇಟ್ಟುಕೊಳ್ಳುವುದು, ಅದರ ಹಗ್ಗ ಊರಿನ ಕೈಯಲ್ಲಿ ಇರುವುದು, ಇವೆರಡು ಮುಖ್ಯ.

ನಾಳೆ ನಿಮ್ಮೂರಲ್ಲಿ ಮಾಡುವುದಾದರೆ

ಯುವಕ ಸಂಘದವರು, ಮಹಿಳಾ ಸಂಘದವರು, ಶಾಲೆಯ ಎಸ್‌ಡಿಎಂಸಿಯವರು ಇದನ್ನು ಓದುತ್ತಿದ್ದರೆ, ದೊಡ್ಡದಾಗಿ ಯೋಚಿಸುವುದು ಬೇಡ. ಒಂದು ದಿನ, ಎರಡು ಸಿನಿಮಾ, ಒಂದು ಕೆಲಸ. ಅಷ್ಟು ಸಾಕು.

ಮೊದಲು ಕೆಲಸ ಆರಿಸಿ, ಆಮೇಲೆ ಸಿನಿಮಾ. ಆ ತಿಂಗಳು ನಿಮ್ಮೂರಲ್ಲಿ ನಿಜವಾಗಿ ಏನು ನಡೆಯುತ್ತಿದೆ? ಜೇನು ಕೀಳುತ್ತಿದ್ದಾರಾ, ಬುಟ್ಟಿ ಹೆಣೆಯುತ್ತಿದ್ದಾರಾ, ಆಲೆಮನೆ ನಡೆಯುತ್ತಿದೆಯಾ? ಅದಕ್ಕೆ ಹೊಂದುವ ಸಿನಿಮಾ ಹುಡುಕಿ. ಕೆಲಸ ಮಾಡುವವರನ್ನು ಕೂಲಿ ಎಷ್ಟು, ಎಷ್ಟು ಜನ ಬರಬಹುದು, ಫೋಟೋ ತೆಗೆಯಬಹುದಾ ಅಂತ ಮೊದಲೇ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಎಲ್ಲವೂ ನೋಟ ಆಗಬೇಕಿಲ್ಲ. ದೇವರ ಬನ, ಮನೆಯೊಳಗಿನ ಪೂಜೆ, ಸಾವಿನ ಹಾಡು ಇಂಥವು ಊರಿನವರಿಗೇ ಇರಲಿ.

ಸರ್ಕಾರಿ ಶಾಲೆಯ ಹಾಲು, ಒಂದು ಪ್ರೊಜೆಕ್ಟರ್, ಕಿಟಕಿಗೆ ಕಪ್ಪು ಬಟ್ಟೆ, ಒಳ್ಳೆಯ ಸ್ಪೀಕರ್ ಇದ್ದರೆ ಸಿನಿಮಾ ಮಂದಿರ ಆಯಿತು. ಕರೆಂಟ್ ಹೋದರೆ ಜನರೇಟರ್ ಇರಲಿ. ಸಿನಿಮಾವನ್ನು ಎಲ್ಲಿಂದಲೋ ಡೌನ್‌ಲೋಡ್ ಮಾಡಿ ತೋರಿಸಬೇಡಿ, ಮಾಡಿದವರ ಒಪ್ಪಿಗೆ ಪಡೆಯಿರಿ. ಸಾಕ್ಷ್ಯಚಿತ್ರ ಮಾಡುವವರನ್ನು ಕೇಳಿದರೆ ಹಳ್ಳಿಯಲ್ಲಿ ತೋರಿಸಲು ಖುಷಿಯಿಂದ ಕೊಡುವವರೂ ಇದ್ದಾರೆ. ಸೆನ್ಸಾರ್ ಪ್ರಮಾಣಪತ್ರ ಇಲ್ಲದ ಚಿತ್ರವನ್ನು ಉತ್ಸವದಲ್ಲಿ ತೋರಿಸಬೇಕಾದರೆ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯಬೇಕು. ಮೊದಲ ಸಲಕ್ಕೆ ಪ್ರಮಾಣಪತ್ರ ಇರುವ ಚಿತ್ರವೇ ಸುಲಭ.

ಊರಿನವರಿಗೆ ಟಿಕೆಟ್ ಇಡಬೇಡಿ, ಹೊರಗಿನವರಿಗೆ ಇಡಿ. ಮುಂದಿನ ಸಾಲು ಊರಿನ ಹಿರಿಯರಿಗೆ ಬಿಡಿ. ಹೆಂಗಸರು ಬರಬೇಕಾದರೆ ಹಾಲು ಕರೆಯುವ ಹೊತ್ತು, ಅಡುಗೆ ಹೊತ್ತು ತಪ್ಪಿಸಿ. ಮುಖ್ಯವಾಗಿ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ನೋಡಿಕೊಂಡು ಸಿನಿಮಾ ಇಡಿ. ಬಸ್ಸು ಏಳೂವರೆಗೆ ಹೊರಟರೆ ನಿಮ್ಮ ಸಿನಿಮಾ ಏಳಕ್ಕೆ ಮುಗಿಯಬೇಕು. ಇಲ್ಲದಿದ್ದರೆ ಕೊನೆಯವರೆಗೆ ಕೂರುವವರು ಕಾರಿನಲ್ಲಿ ಬಂದವರು ಮಾತ್ರ.

ಎಲ್ಲ ಮುಗಿದ ಮೇಲೆ ಖರ್ಚು ವೆಚ್ಚವನ್ನು ಒಂದು ಹಾಳೆಯಲ್ಲಿ ಬರೆದು ಪಂಚಾಯ್ತಿ ಬೋರ್ಡಿಗೆ ಅಂಟಿಸಿ. ಯಾರ್ಯಾರಿಗೆ ಎಷ್ಟು ಹೋಯಿತು ಅಂತ ಎಲ್ಲರೂ ಓದಲಿ.

ನಮ್ಮ ಬಳಗದ ಗೆಳತಿ ತನ್ನ ಅಮ್ಮನನ್ನು ಕೇಳಿದಳು: ‘ಇಂಥದೊಂದು ನಮ್ಮೂರಲ್ಲಿ ಮಾಡಿದರೆ ನೀನು ಅಡಿಕೆ ಸುಲಿಯುವುದು ಕಲಿಸ್ತೀಯಾ ಅಮ್ಮ?’ ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, ಕಲಿಸ್ತೀನಿ, ಆದರೆ ಆ ದಿನದ ಪೂರ್ತಿ ಕೂಲಿ ಬೇಕು, ಐದು ಜನಕ್ಕಿಂತ ಹೆಚ್ಚು ಬೇಡ ಅಂದರಂತೆ. ಆಮೇಲೆ, ‘ಸಂಜೆ ಸಿನಿಮಾ ಯಾವುದು?’ ಅಂತ ಕೇಳಿದರಂತೆ.

ಅದಕ್ಕೆ ಉತ್ತರ ನಾವಿನ್ನೂ ಹುಡುಕುತ್ತಿದ್ದೇವೆ. ಅಡಿಕೆ ಸುಲಿಯುವ ಹೆಂಗಸರು ಹಗಲಿಡೀ ದುಡಿದು ಬಂದು ಕೂತು ನೋಡುವಂಥ ಸಿನಿಮಾ ನಿಮಗೆ ಗೊತ್ತಿದ್ದರೆ ನಮಗೆ ತಿಳಿಸಿ. ಕೊನೆ ಬಸ್ಸಿನ ಹೊತ್ತು ನಾವು ವಿಚಾರಿಸಿ ಇಟ್ಟುಕೊಂಡಿದ್ದೇವೆ.